ಹಸಿರು ಬಣ್ಣ ಬಳಿದ ಬಾಯ್ಲರ್

ಇಂಗ್ಲೆಂಡಿನ ಹಲ್ ಊರಿನ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಊಟ ಬಡಿಸಿದ ಹಿಲ್ಡಾ ಓಲ್ಡ್‌ರಾಯ್ಡ್ ಯಾರ ಮಾತಿಗೂ ಸುಲಭವಾಗಿ ಮರುಳಾಗುವವಳಲ್ಲ. ಹೊಟ್ಟೆನೋವೆಂದು ಸುಳ್ಳು ಹೇಳಿ ಬಟಾಣಿ ಬಿಡುವ ಮಕ್ಕಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದಳು. ಕ್ಲಿಫ್ ಸಗ್ಡನ್‌ನ ಮಾತನ್ನು ಮಾತ್ರ ಕಣ್ಣು ಮುಚ್ಚಿ ನಂಬಿದಳು. ನಂಬದೆ ಇನ್ನೇನು? ಗಂಡ ನಾರಿಸ್‌ನ ಜೀವದ ಗೆಳೆಯ, ಅವರ ಮದುವೆಯಲ್ಲಿ ಪಕ್ಕದಲ್ಲೇ ನಿಂತು ಉಂಗುರ ಕೊಟ್ಟವನು. ಮನೆಯನ್ನೆಲ್ಲ ಬೆಚ್ಚಗಿಡುವ, ಅಡುಗೆಮನೆ ಗೋಡೆಯ ಗ್ಯಾಸ್ ಬಾಯ್ಲರಿಗೆ ರಿಪೇರಿ ಕಸುಬಿನ ಅವನದೇ ಉಸ್ತುವಾರಿ. ಪ್ರತಿ ಅಕ್ಟೋಬರಿನಲ್ಲಿ ಬಂದು, ಚಹಾ ಕುಡಿದು, ಅದಕ್ಕೊಮ್ಮೆ ಕಿವಿಗೊಟ್ಟು, ಪಕ್ಕದಲ್ಲಿ ತೂಗುವ ತಪಾಸಣೆ ಕಾರ್ಡಿಗೆ ಸಹಿ ಹಾಕಿ ಹೋಗುತ್ತಿದ್ದ.

ಎರಡು ವರ್ಷದಿಂದ ಬಾಯ್ಲರ್ ಕೆಟಲ್ ಕುದಿದಂತೆ ಗುಡುಗುಡು ಅನ್ನುತ್ತಿತ್ತು. ಹೊತ್ತಿಕೊಳ್ಳುವಾಗ ಢಬ್ ಎನ್ನುತ್ತಿತ್ತು. ಹಿಲ್ಡಾಳಿಗೂ ದಿನಾ ತಲೆಸಿಡಿತ.

"ಹಳೇ ಜೀವ ಮಾರಾಯ್ತಿ, ಹಾಡ್ತಾ ಇದೆ ಅಷ್ಟೆ. ತಲೆನೋವಾ? ವಯಸ್ಸಾಯ್ತಲ್ಲ, ಬಿಡು!" ಎಂದು ಕ್ಲಿಫ್ ನಕ್ಕುಬಿಡುತ್ತಿದ್ದ.

ಈ ಸೆಪ್ಟೆಂಬರಿನಲ್ಲಿ ತಂಗಿಯ ಮನೆಯಲ್ಲಿ ಹದಿನೈದು ದಿನ ಇದ್ದಾಗ ತಲೆನೋವು ಮಂಗಮಾಯ. ವಾಪಸು ಬಂದ ಎರಡೇ ದಿನಕ್ಕೆ ಮತ್ತೆ ಶುರು. ಹಿಲ್ಡಾಳಿಗೆ ಅನುಮಾನ ಬಂದು ಬೇರೊಬ್ಬ ರಿಪೇರಿಯವಳನ್ನು ಕರೆಸಿದಳು. ಅವಳು ಸ್ಕ್ರೂಡ್ರೈವರ್ ಎತ್ತಿದವಳು ಹಾಗೇ ನಿಂತಳು.

"ಆಂಟಿ, ಈ ಹಸಿರು ಬಣ್ಣ ಯಾವಾಗ ಹೊಡೆದಿದ್ದು?"

"ನನ್ನ ಗಂಡ ಹೊಡೆದಿದ್ದು, ತೀರ್ಕೊಂಡ ವರ್ಷ. ಹನ್ನೊಂದು ವರ್ಷ ಆಯ್ತು."

"ಸ್ಕ್ರೂ ಮೇಲಿನ ಬಣ್ಣ ಒಂದು ಚೂರೂ ಒಡೆದಿಲ್ಲ. ಆಮೇಲೆ ಇದನ್ನ ಯಾರೂ ಬಿಚ್ಚೇ ಇಲ್ಲ."

ಬಿಚ್ಚಿದರೆ ಒಳಗೆಲ್ಲ ಮಸಿ, ನೀರಿನಿಂದ ಕಟ್ಟಿದ ಸುಣ್ಣ. "ಮಲಗಿದಲ್ಲೇ ವಿಷಗಾಳಿ ಕುಡಿದು ಹೋಗ್ತಿದ್ರಿ," ಎಂದು ಅವಳು ಗ್ಯಾಸ್ ಬಂದ್ ಮಾಡಿ ಅಪಾಯದ ಕೆಂಪು ಚೀಟಿ ತೂಗುಹಾಕಿದಳು. ಹಿಲ್ಡಾ ಕಾರ್ಡಿನ ಸಹಿಗಳನ್ನೇ ನೋಡುತ್ತ ಕೂತಳು. ಒಂದು ವರ್ಷವೂ ತಪ್ಪಿರಲಿಲ್ಲ.

ನಾಲ್ಕು ದಿನಕ್ಕೆ ಅಕ್ಟೋಬರಿನ ತಪಾಸಣೆಗೆಂದು ಕ್ಲಿಫ್ ಬಂದ. ಹಿಲ್ಡಾ ಕೆಂಪು ಚೀಟಿಯ ಮೇಲೆ ಪಾತ್ರೆ ಒರೆಸುವ ಬಟ್ಟೆ ಹಾಕಿದ್ದಳು. ಎಂದಿನಂತೆ ನಾರಿಸ್‌ನ ಮಗ್ಗಿನಲ್ಲೇ ಚಹಾ ಕೊಟ್ಟಳು. ಅವನು ಅರ್ಧ ಕುಡಿದು ಎದ್ದ, ಬಾಯ್ಲರಿಗೆ ಕಿವಿಯಿಟ್ಟ.

"ನೋಡು, ಎಷ್ಟು ಚೆನ್ನಾಗಿ ಹಾಡ್ತಿದೆ!"

"ಗ್ಯಾಸ್ ಬಂದ್ ಆಗಿ ನಾಲ್ಕು ದಿನ ಆಯ್ತು, ಕ್ಲಿಫ್."

ಅವನು ಥಟ್ಟನೆ ಕಿವಿ ತೆಗೆದ. ಪೆನ್ನು ಆಗಲೇ ಕೈಯಲ್ಲಿತ್ತು.

"ಸಾಯೋವಾಗ ನಾರಿಸ್ ನಿನ್ನ ಕೈ ಹಿಡ್ಕೊಂಡು ಏನಂದ? ಹಿಲ್ಡಾನ ನೋಡ್ಕೋ ಅಂದ. ನೀನು ಅವನು ಹೊಡೆದ ಬಣ್ಣಾನೂ ಮುಟ್ಟಲಿಲ್ವಲ್ಲೋ, ದ್ರೋಹಿ!"

ಹಿಲ್ಡಾ ಗಂಡನ ಮಗ್ಗನ್ನು ಎತ್ತಿಕೊಂಡು, ಉಳಿದ ಚಹಾವನ್ನು ಕ್ಲಿಫ್‌ನ ಎದುರೇ ಸಿಂಕಿಗೆ ಸುರಿದಳು.