ಬಾಯಲ್ಲಿ ಹುಳ ಹಿಡಿದ ನೆಲಗುಬ್ಬಿ

ಅಕ್ಕನ ಹಕ್ಕಿ ಸಮೀಕ್ಷೆಯ ಫಾರ್ಮಿನಲ್ಲಿ ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು. 'ನೆಲಗುಬ್ಬಿ, ಜೋಡಿ, ಗಂಡು ಮೇಲೇರಿ ಕೂಗುತ್ತಿದೆ' ಎಂದು ಬರೆದು, 'ಮರಿ ಮಾಡಿರಬಹುದು' ಎಂಬ ಖಾನೆಗೆ ಗುರುತು ಹಾಕಿದ್ದಳು. 'ಖಾತ್ರಿ' ಎಂಬ ಖಾನೆ ಖಾಲಿ ಇತ್ತು. ಆ ವಾರವೇ ಅವಳನ್ನು ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದೆವು. ತಿರುಗಿ ಮನೆಗೆ ಬರಲಿಲ್ಲ.

ನಾನು ಅಕ್ಕಲಕೋಟೆಯಲ್ಲಿ ಬ್ಲೌಸು ಹೊಲಿಯುವವಳು. ಬೋರಾಮಣಿಯ ಹುಲ್ಲುಗಾವಲಿಗೆ ಅವಳ ಜೊತೆ ಹೋಗುತ್ತಿದ್ದುದು ಬುತ್ತಿ ಹೊರಲು ಮಾತ್ರ. ಆದರೂ ಆ ಖಾನೆ ತುಂಬದೆ ಫಾರ್ಮ್ ಕಳಿಸಲು ಮನಸ್ಸಾಗಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ಅವಳ ದುರ್ಬೀನು ಕೊರಳಿಗೆ ಹಾಕಿಕೊಂಡು ಒಬ್ಬಳೇ ಬಸ್ಸು ಹತ್ತಿದೆ.

ಹುಲ್ಲುಗಾವಲಿಗೆ ಅಂಟಿದ ಹೊಲದ ಯಜಮಾನರು ಉಳಲು ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದರು.

"ಅಕ್ಕಾರು ಬರಲಿಲ್ಲೇನ್ರಿ?"

ಹೇಳಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಭಾಳ ಕೆಟ್ಟ ಆತಲ್ರಿ. ಹೋದ ವರ್ಷ ನನ್ನ ಬೈದು ಒಂದ್ ತುಂಡು ನೆಲ ಬಿಡಿಸಿದ್ರು. ಈ ಸಲಾನೂ ಮರಿ ಅದಾವಂದ್ರ ಅಷ್ಟು ಬಿಟ್ಟು ಹೊಡೀತೀನಿ. ಆದ್ರ ಖರೇ ಹೇಳಬೇಕು. ಹಕ್ಕಿ ಹಾರ್ಯಾಡತೈತಿ ಅಂದ್ರ ನಡ್ಯಾಂಗಿಲ್ಲ. ನಾ ಚಹಾ ಕುಡಿಯೂತನಾ ನೋಡ್ರಿ."

ಹೆಣ್ಣು ನೆಲಗುಬ್ಬಿ ಬೇಗ ಕಂಡಿತು. ಒಂದು ಮಣ್ಣಿನ ಹೆಂಟೆಯ ಮೇಲೆ, ಕೊಕ್ಕಿನಲ್ಲಿ ಹಸಿರು ಹುಳ. ಬಾಯಲ್ಲಿ ಆಹಾರ ಒಯ್ಯುತ್ತಿದ್ದರೆ ಮರಿ ಇರುವುದು ಖಾತ್ರಿ ಎಂದು ಫಾರ್ಮಿನ ಹಿಂದೆ ಅಚ್ಚಾಗಿದ್ದನ್ನು ಬಸ್ಸಿನಲ್ಲೇ ಓದಿದ್ದೆ. ಆದರೂ ಮರಿಗಳನ್ನು ಕಣ್ಣಾರೆ ನೋಡಬೇಕೆಂಬ ಹಟ. ಸುತ್ತುಹಾಕಿದೆ, ಬಗ್ಗಿ ಬಗ್ಗಿ ಹುಡುಕಿದೆ. ಹಕ್ಕಿ ಒಂದು ಹೆಂಟೆಯಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಕೆಳಗಿಳಿಯಲಿಲ್ಲ, ಹುಳ ನುಂಗಲೂ ಇಲ್ಲ. ನಾನು ಹತ್ತು ಹೆಜ್ಜೆ ದೂರ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಬಿಸಿಲೇರುತ್ತಿತ್ತು.

ಆಸ್ಪತ್ರೆಯಲ್ಲಿ ಗಂಜಿ ಕುಡಿಸುವಾಗ ಅಕ್ಕ ಅಂದಿದ್ದಳು: "ನೀ ಹಿಂಗ ಎದುರಿಗೆ ಕುಂತು ಬಾಯಿ ನೋಡಿದ್ರ ನುಂಗಾಕಾಗಂಗಿಲ್ಲ. ಒಂದೀಟು ಹೊರಗ ಹೋಗವ್ವ."

ನಾನು ಹೋಗಲಿಲ್ಲ. ಹೋದರೆ ಗಂಜಿ ಚೆಲ್ಲಿಬಿಡುತ್ತಾಳೆ ಅಂದುಕೊಂಡು ಚಮಚ ಹಿಡಿದೇ ಕೂತೆ. ಅವಳು ಗೋಡೆ ಕಡೆ ತಿರುಗಿದಳು. ಮರುದಿನವೂ ಹಾಗೇ ಆಯಿತು. ಹೊರಗಿನ ಬೆಂಚು ಹತ್ತು ಹೆಜ್ಜೆಯೂ ದೂರ ಇರಲಿಲ್ಲ.

ಹಕ್ಕಿಯ ಎದುರಿನಿಂದ ಎದ್ದೆ. ತಿರುಗಿ ನೋಡದೆ ಬದುವಿನ ಬೇವಿನ ಮರದ ತನಕ ನಡೆದೆ. ಅಲ್ಲಿಂದ ದುರ್ಬೀನು ಹಿಡಿದರೆ ಹೆಂಟೆಯ ಮೇಲೆ ಹಕ್ಕಿ ಇಲ್ಲ. ಎಷ್ಟು ಹೊತ್ತು ಅದನ್ನು ಕಾಯಿಸಿದ್ದೆನೋ. ತುಸು ಹೊತ್ತಿಗೆ ಒಂದು ಒಣ ಹುಲ್ಲಿನ ಪೊದೆಯ ಮಗ್ಗುಲಿಂದ ಎದ್ದು ಹಾರಿತು. ಕೊಕ್ಕು ಖಾಲಿ ಇತ್ತು.

ಫಾರ್ಮನ್ನು ತೊಡೆಯ ಮೇಲಿಟ್ಟು 'ಖಾತ್ರಿ' ಖಾನೆಗೆ ಗುರುತು ಹಾಕಿದೆ. ಚಹಾ ಮುಗಿಸಿ ಹೊಲದ ಯಜಮಾನರು ಬಂದರು.

"ಗೂಡು ಕಂಡ್ತೇನ್ರಿ?"

"ಇಲ್ರಿ ಕಾಕಾ. ಬಾಯಾಗ ಹುಳ ಇತ್ತು."

"ತಿನ್ನಾಕ ಹಿಡದಿರ್ತೈತಿ."

"ತಾನ ತಿನ್ನೂದಾದ್ರ ಇಷ್ಟೊತ್ತು ಹಿಡ್ಕೊಂಡು ಕೂಡ್ತಿತ್ತೇನ್ರಿ?"

ಅವರು ಟೋಪಿ ಸರಿಮಾಡಿಕೊಂಡರು. "ಅಕ್ಕಾರೂ ಹಿಂಗ ವಾದಾ ಮಾಡ್ತಿದ್ರು. ಆತು, ಎಲ್ಲಿಂದ ಎಲ್ಲೀತನಾ ಬಿಡ್ಲಿ? ಅಲ್ಲಿ ಹೋಗಿ ನಿಂತು ತೋರಸ್ರಿ."

"ಬ್ಯಾಡ್ರಿ," ಎಂದೆ. "ಇಲ್ಲಿಂದನ ತೋರಸ್ತೀನಿ."