ದಿಣ್ಣೆ ದ್ರಾಕ್ಷಿಗೆ ನೀರು ಕಟ್ಟಿದ ಅಣ್ಣ

ನಮ್ಮಣ್ಣನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಪಾಂಡವಪುರದ ಹತ್ತಿರ ಅಪ್ಪನ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ನಾಲೆ ಮೇಲಿನ ಕಲ್ಲುದಿಣ್ಣೆ. ಹೆಣ್ಣುಮಗಳಿಗೆ ಇಷ್ಟು ಸಾಕು ಅಂದರು. ಕೆಳಗಿನ ಗದ್ದೆ ಅಣ್ಣನದು. ಮದುವೆಯಾಗಿ ಬಾಬುರಾಯನಕೊಪ್ಪಲು ಸೇರಿದರೂ ನಾನು ಆ ದಿಣ್ಣೆ ಬಿಡಲಿಲ್ಲ. ವೈನ್ ಕಂಪನಿಯವರ ಮಾತು ಕೇಳಿ ಬಿಳಿ ದ್ರಾಕ್ಷಿ ಹಾಕಿದೆ. ಊರೂರಿನ ಹಣ್ಣಿನ ಜೊತೆ ನನ್ನದನ್ನೂ ದೊಡ್ಡ ಟ್ಯಾಂಕಿಗೆ ಸುರಿಯುತ್ತಿದ್ದರು. ಹೋದ ವರ್ಷ ಮಾತ್ರ ವೈನ್ ಮಾಡುವ ಮೇಡಮ್ಮು ನನ್ನ ಹಣ್ಣನ್ನು ಬೇರೆ ಇಟ್ಟು ಪರೀಕ್ಷೆಗೆ ಸ್ವಲ್ಪ ವೈನ್ ಮಾಡಿದರು. ತಂಪುಹೊತ್ತಲ್ಲಿ ಕೊಯ್ದು, ಹಿಂಡಿ, ಸಿಪ್ಪೆ ಬೀಜ ಆಚೆ ಹಾಕಿ, ರಸವನ್ನಷ್ಟೇ ಸ್ಟೀಲ್ ಡ್ರಮ್ಮಿನಲ್ಲಿ ತಣ್ಣಗಿಟ್ಟು ನಿಧಾನಕ್ಕೆ ಹುದುಗು ಬರಿಸುತ್ತಾರೆ. ಅಷ್ಟೇ. ಹಣ್ಣು ಹೆಂಗೋ ವೈನೂ ಹಂಗೆ.

ಒಂದು ಬಾಟಲಿ ನನಗೂ ಕೊಟ್ಟರು. ಹೆಂಗಸು ಕುಡಿದಳು ಅಂತ ಬೀದಿಯಲ್ಲಿ ಮಾತಾಯಿತು. ಆಡಿಕೊಳ್ಳುವವರ ಬಾಯಿಗೆ ನಾನೇನು ಬೀಗ ಹಾಕಲಾ? ಮೂಸಿದರೆ ಇನ್ನೂ ಪೂರ್ತಿ ಮಾಗದ ದೋರೆ ಸೀಬೆಹಣ್ಣಿನ ವಾಸನೆ. ಬಾಯಿಗಿಟ್ಟರೆ ನಿಂಬೆಸಿಪ್ಪೆಯಂಥ ಹುಳಿ, ನುಂಗಿದ ಮೇಲೂ ನಾಲಿಗೆ ಮೇಲೆ ನಿಲ್ಲುವ ಸಣ್ಣ ಉಪ್ಪು. ನಾಟಿಕೋಳಿ ಸಾರಿನ ಜೊತೆ ಕುಡಿದೆ, ಖಾರದ ಮುಂದೆ ಸತ್ತೇ ಹೋಯಿತು. ಕೆ.ಆರ್.ಎಸ್. ಹಿನ್ನೀರಿನ ಮೀನಿಗೆ ಉಪ್ಪು, ಅರಿಶಿನ, ಮೆಣಸು ಹಚ್ಚಿ ಹುರಿದು ತಿಂದೆ ನೋಡಿ, ಆಹಾ! ಹಿತಕಿದ ಬೇಳೆಗೂ ಹೊಂದಿತು. ಯಾರಿಗೂ ಬೇಡವಾದ ನನ್ನ ದಿಣ್ಣೆಗೆ ಇಂಥ ರುಚಿ ಇದೆಯಾ ಅಂತ ಕಣ್ಣಲ್ಲಿ ನೀರು ಬಂತು.

"ಈ ಸಲ ನಿಮ್ಮ ತೋಟದ್ದನ್ನೇ ಬೇರೆ ಬಾಟಲಿ ಮಾಡ್ತೀವಿ, ತೋಟದ ಹೆಸರು ಹಾಕಿ. ಕೊಯ್ಲಿಗೆ ಮುಂಚೆ ಮಾತ್ರ ನೀರು ಕೊಡಬೇಡಿ. ನೀರು ಕುಡಿದ ಹಣ್ಣು ದೊಡ್ಡ ಟ್ಯಾಂಕಿಗೇ" ಅಂದರು ಮೇಡಮ್ಮು. ಅಣ್ಣನಿಗೆ ಹೇಳಿದೆ, ಅತ್ತಿಗೆಗೂ ಹೇಳಿದೆ. ಹೂಂ ಅಂದರು.

ಕೊಯ್ಲು ಹತ್ತಿರ ಬಂದಾಗ ನಾದಿನಿ ಮನೆ ಗೃಹಪ್ರವೇಶಕ್ಕೆ ನಾಗಮಂಗಲಕ್ಕೆ ಹೋದೆ. ಆಗಲೇ ನಾಲೆಗೆ ನೀರು ಬಿಟ್ಟರು. ಮನೆಯಲ್ಲಿ ಹೆಣ ಬಿದ್ದಿದ್ದರೂ ನಾಲೆ ನೀರಿನ ಸರದಿ ಬಂದರೆ ಮೊದಲು ನೀರು ಕಟ್ಟಿ ಬರುವ ಜನ ನಾವು. ವಾಪಸ್ ಬಂದು ನೋಡುತ್ತೇನೆ, ದಿಣ್ಣೆಯೆಲ್ಲ ಕೆಸರು! ಹಣ್ಣು ಊದಿಕೊಂಡು ಕೆಲವು ಬಿರಿದೂ ಇದ್ದವು. ಒಂದು ಬಾಯಿಗೆ ಹಾಕಿಕೊಂಡೆ. ಬರೀ ನೀರು. ಥೂ!

ಅಣ್ಣ ನಾಲೆಯಿಂದ ನೀರೆತ್ತಿದ ಮೋಟಾರಿನ ಪೈಪು ಸುತ್ತಿಕೊಂಡು ನಗುನಗುತ್ತಾ ಬಂದ. "ನೋಡವ್ವ, ಎಂಗೆ ದಪ್ಪ ಆಗವೆ! ಬಾಡ್ಕಂಡು ನಿಂತಿದ್ವು, ನೋಡಾಕಾಯ್ತಿರ್ಲಿಲ್ಲ ಕಣವ್ವ."

"ನಾನು ಏನಂತ ಯೋಳ್ಬುಟ್ಟು ಓಗಿದ್ದೆ ನಿಂಗೆ? ನನ್ ಬಾಯಿಗೆ ಮಣ್ಣಾಕ್ಬುಟ್ಟಲ್ಲಣ್ಣ!"

"ಯೋಳಿದ್ದೆ ಕಣವ್ವ. ನಾಲೇಲಿ ನೀರು ಅರೀತಿರೋವಾಗ ತಂಗಿ ಒಲ ಒಣಗಾಕ್ಕಂಡು ಕೂತ್ಕಳಕಾಯ್ತದಾ? ಊರೋರು ಏನಂದಾರು?"

ಊರೋರಂತೆ ಊರೋರು! ಮೇಡಮ್ಮು ಬಂದು ಎರಡು ಹಣ್ಣು ಅಗಿದು ಉಗಿದರು. ಕೊಯ್ಲಿನ ದಿನ ನನ್ನ ಹಣ್ಣೆಲ್ಲ ದೊಡ್ಡ ಟ್ಯಾಂಕಿನ ಲಾರಿಗೆ ಹೋಯಿತು. ಅಣ್ಣನಿಗೆ ಬಾಯಿಗೆ ಬಂದಂತೆ ಬೈದೆ. ಹೆತ್ತವಳಿದ್ದಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವನು ಮನೆ ಕಡೆ ಹೋದ.

ಬಸ್ಸಿಗೆಂದು ದಿಣ್ಣೆ ಇಳಿದು ಅವನ ಗದ್ದೆ ಬದುವಿನ ಮೇಲೆ ಬಂದೆ. ಭತ್ತಕ್ಕೆ ಹಾಲು ತುಂಬುವ ಹೊತ್ತು. ನೆಲ ಬಿರುಕು ಬಿಟ್ಟಿತ್ತು. ಹುಲ್ಲು ಕುಯ್ಯುತ್ತಿದ್ದ ಅತ್ತಿಗೆ ನನ್ನ ಮುಖ ನೋಡಲಿಲ್ಲ.

"ಇದ್ಯಾಕತ್ತಿಗೆ ಇಂಗಾಯ್ತು?"

"ನಮ್ ಸರದಿ ನೀರ್ನೆಲ್ಲ ನಿಮ್ಮಣ್ಣ ನಿಮ್ ದಿಣ್ಣೆಗೇ ಎತ್ಬುಟ್ರು ಕಣವ್ವ. ಇಲ್ಲಿಗೆ ತಿರುಗ್ಸೋ ಒತ್ಗೆ ನೀರ್ ನಿಂತೋಯ್ತು."

ಒಂದು ಕಾಳು ಹಿಸುಕಿದೆ, ಹಾಲಿಲ್ಲ. ಇನ್ನೊಂದು ಹಿಸುಕಿದೆ, ಅದೂ ಜೊಳ್ಳು. ಬಸ್ಸು ಹೋದರೆ ಹೋಗಲಿ ಅಂತ ನೆಟ್ಟಗೆ ಅವನ ಮನೆಗೆ ನಡೆದೆ. ಜಗುಲಿ ಮೇಲೆ ಕೂತಿದ್ದ.

"ಊರೋರು ಏನಂದಾರು ಅಂದ್ಯಲ್ಲ, ನಿನ್ ಮಕ್ಳು ಏನ್ ಉಂಡಾರು ಅಂತ ಅನ್ನಿಸ್ಲಿಲ್ವಾ ಪಾಪಿ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಆಮೇಲೆ ಅವನ ಪಕ್ಕದಲ್ಲೇ ಜಗುಲಿ ಮೇಲೆ ಕೂತೆ.