ಅಕ್ಕ ಹಾಕಿಕೊಂಡ ಬಾಗಿಲು

ನನ್ನ ಅಕ್ಕ ಎನೆಲೆಸ್ ಅಳುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಮಗ ವೆಡ್ಸನ್ ಅಡುಗೆಮನೆಯ ತಗಡು ಕಿತ್ತು ಕಚಾಸು ಸಾರಾಯಿಗೆ ಕೊಟ್ಟುಬಂದ ದಿನವೂ ಅಳಲಿಲ್ಲ. ಬಿಸಿಲು ನೆಟ್ಟಗೆ ಒಲೆಯ ಮೇಲೆ ಬೀಳುತ್ತಿತ್ತು, ಅವಳು ಅಲ್ಲೇ ಕೂತು ಕುಂಬಳದ ಸೊಪ್ಪು ಹೆಚ್ಚುತ್ತಿದ್ದಳು.

"ಅಕ್ಕಾ, ತಲೆ ಮೇಲೆ ಸೂರಿಲ್ಲ ಕಣೇ!" ಅಂದೆ.

"ಬೆಳಕು ಚೆನ್ನಾಗಿದೆ" ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಇಬ್ಬರಲ್ಲಿ ಸಿಟ್ಟೆಲ್ಲ ನನ್ನ ಪಾಲಿಗೇ ಬಂದಿದೆ, ಏನು ಮಾಡಲಿ.

ವೆಡ್ಸನ್‌ಗೆ ಇಪ್ಪತ್ತೊಂಬತ್ತು. ಮರಗೆಲಸ ಬಲ್ಲವನು. ಕುಡಿಯದ ದಿನ ಅಪ್ಪಟ ಚಿನ್ನ, ಕಷ್ಟ ಇರುವುದೇ ಅದರಲ್ಲಿ. ಕುಡಿದ ದಿನ ಮನೆಯ ಪಾತ್ರೆ, ಕಂಬಳಿ, ಅಪ್ಪನ ಸೈಕಲ್ಲು, ಕೈಗೆ ಸಿಕ್ಕಿದ್ದೆಲ್ಲ ಹೋಗುತ್ತಿತ್ತು.

ಭಾವ ಲೇಸನ್ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಚೇವಾ ಜನರಲ್ಲಿ ಮನೆ, ಹೊಲ ಎಲ್ಲ ಹೆಣ್ಣಿನ ಕಡೆಯದು. ಗಂಡ ಮನೆಅಳಿಯ. ಮಕ್ಕಳನ್ನು ಗದರಿಸುವ ಹಕ್ಕು ಸೋದರಮಾವನದು. "ನೀವಾದರೂ ಒಂದು ಮಾತು ಹೇಳಬಾರದಾ ಭಾವ?" ಅಂತ ಎಷ್ಟು ಸಲ ಕೇಳಿದೆನೋ. "ಅವನು ನಿಮ್ಮ ಕುಲದವನಮ್ಮ ಮೆಲಿಫಾ, ನಾನು ಹೊರಗಿನವನು" ಅನ್ನುತ್ತಿದ್ದರು. ಕೊನೆಗೆ ಆ ಹೊರಗಿನವರ ಮಣಿಕಟ್ಟನ್ನೇ ಮಗ ಮುರಿದ. ಕೈಗೆ ಪಟ್ಟಿ ಕಟ್ಟಿಕೊಂಡು, "ಮಾವ ಬರಲಿ" ಅಂದರು.

ನಾನೇ ಬಸ್ಸು ಹತ್ತಿ ಅಣ್ಣ ಜೋಫತ್‌ನನ್ನು ಕರೆತಂದೆ. ತನ್ನ ಹೆಂಡತಿಯ ಊರಲ್ಲಿ ತುಟಿ ಪಿಟಕ್ಕೆನ್ನದವನು, ನಮ್ಮೂರಿಗೆ ಕಾಲಿಟ್ಟರೆ ಹುಲಿ. ಭಾನುವಾರ ಚರ್ಚು ಮುಗಿದ ಮೇಲೆ ಮಾವಿನ ಮರದ ಕೆಳಗೆ ಹಿರಿಯರೆಲ್ಲ ಸೇರಿದೆವು.

"ನೋಡೋ ವೆಡ್ಸನ್, ಇವತ್ತಿಂದ ಈ ಹೊಸ್ತಿಲು ದಾಟೋ ಹಾಗಿಲ್ಲ" ಅಂದ ಜೋಫತ್. "ಹಸಿದರೆ ಬಾ, ಜಗಲೀಲಿ ಊಟ ಸಿಗುತ್ತೆ. ಮೂರು ತಿಂಗಳು ಕುಡೀದೆ ಇರು, ಆಮೇಲೆ ಒಳಗೆ ಬರೋ ಮಾತು. ಎನೆಲೆಸ್, ಕೇಳಿಸ್ತಾ?"

"ಕೇಳಿಸ್ತು" ಅಂದಳು ಅಕ್ಕ.

ನನಗೆ ಹಾಲು ಕುಡಿದಷ್ಟು ಸಂತೋಷ. ಅವಳ ಕೈ ಹಿಡಿದೆ, ತಣ್ಣಗಿತ್ತು. "ಅವನು ಬಾಗಿಲು ಬಡಿದರೆ?" ಅಂತ ಮೆಲ್ಲಗೆ ಕೇಳಿದಳು.

"ಬಡೀಲಿ. ಒಂದು ಅಗುಳಿ ಹಾಕ್ಕೊಳ್ಳೋದಕ್ಕೆ ಇಷ್ಟು ಒದ್ದಾಟವೇನೇ?" ಅಂದುಬಿಟ್ಟೆ. ನನ್ನ ನಾಲಿಗೆಗೆ ಇಷ್ಟು ಬೆಂಕಿ ಹಾಕ.

ಹನ್ನೊಂದು ದಿನ ಅಕ್ಕ ಮಾತು ಉಳಿಸಿಕೊಂಡಳು. ಅವನು ಬಂದು ಬಡಿಯುತ್ತಿದ್ದ, ಬೈಯುತ್ತಿದ್ದ. ಭಾವ ಮೂಲೆಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದರು. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಗೋಡೆ ನೋಡುತ್ತಿದ್ದಳು. ದಿನಾ ಮಧ್ಯಾಹ್ನ ನಾನೇ ಹೋಗಿ ನ್ಸೀಮ ಮುದ್ದೆ ತೊಳಸಿ ಎದುರಿಗಿಟ್ಟರೆ, ಬೆರಳು ಮುಟ್ಟಿಸಿ ಸರಿಸುತ್ತಿದ್ದಳು. "ತಿನ್ನೇ, ನೀನು ಸತ್ತರೆ ಅವನೇನು ಸುಧಾರಿಸ್ತಾನಾ?" ಅಂತ ರೇಗುತ್ತಿದ್ದೆ.

ಹನ್ನೆರಡನೆಯ ದಿನ ಅವನು ನನ್ನ ಮನೆಗೆ ಬಂದ. ಅಂಗಳದಲ್ಲಿ ಮೀನು ಒಣಹಾಕುತ್ತಿದ್ದೆ. ಅವನ ಕಂಕುಳಲ್ಲಿ ಸುತ್ತಿದ ಚಾಪೆ.

"ಅಮ್ಮಾ" ಅಂದ. "ಮಾವ ಹೇಳಿದ್ದು ಆ ಮನೆ ಹೊಸ್ತಿಲು. ಇದಲ್ಲವಲ್ಲ."

ನಮ್ಮಲ್ಲಿ ತಾಯಿಯ ತಂಗಿಯೂ ತಾಯಿಯೇ. ಅವಳ ಮನೆಗೆ ಮಗ ಕೇಳಿಕೊಂಡು ಬರಬೇಕಾಗಿಲ್ಲ. ಜೋಫತ್ ಮರೆತಿದ್ದ, ಅಷ್ಟು ಜನ ಹಿರಿಯರು ಮರೆತಿದ್ದರು. ಎಲ್ಲರಿಗಿಂತ ಉದ್ದ ನಾಲಿಗೆಯ ನಾನೂ ಮರೆತಿದ್ದೆ.

"ಕುಡಿದಿಲ್ಲಮ್ಮ, ಬೇಕಾದ್ರೆ ಮೂಸಿ ನೋಡು. ಒಂದೇ ಒಂದು ದಿನ."

ನಿಜ, ವಾಸನೆ ಇರಲಿಲ್ಲ. ಅಕ್ಕ ಜ್ವರದಲ್ಲಿ ಮಲಗಿದ್ದಾಗ ಕೂಸಾಗಿದ್ದ ಇವನನ್ನು ಬೆನ್ನಿಗೆ ಕಟ್ಟಿಕೊಂಡು ಹೊಲ ಅಗೆದವಳು ನಾನು. ಇಲ್ಲಿ ಒಳಗೆ ಬಿಟ್ಟರೆ ಅಕ್ಕನ ಹನ್ನೊಂದು ದಿನ ಮಣ್ಣುಪಾಲು, ಅದೂ ಗೊತ್ತಿತ್ತು.

"ಅಲ್ಲೇ ಕೂತ್ಕೋ" ಅಂದೆ. ಒಳಗೆ ಹೋಗಿ ಅಗುಳಿ ಹಾಕಿದೆ. ಮುದ್ದೆ ತೊಳಸಿ, ಮೀನಿನ ಸಾರು ಬಡಿಸಿ, ಕಿಟಕಿಯಿಂದ ತಟ್ಟೆ ಚಾಚಿದೆ.

ಅವನು ತಟ್ಟೆ ಹಿಡಿದು ನನ್ನನ್ನೇ ನೋಡಿದ. "ನಿಂಗೂ ನಾನು ಬೇಡವಾ?"

"ಬೇಕು ಕಣೋ. ಊಟ ಮಾಡು."

ಎಲ್ಲ ಉಂಡ. ತಟ್ಟೆ ತೊಳೆದು ಹೊಸ್ತಿಲ ಬಳಿ ಬೋರಲು ಹಾಕಿ, ಚಾಪೆ ಎತ್ತಿಕೊಂಡು ಹೋದ. ಈಗ ಅಳು ಬರುತ್ತದೆ ಅಂತ ಕಾದೆ. ಏನೂ ಬರಲಿಲ್ಲ. ಅಂಗಳದ ಮೀನನ್ನು ಕಾಗೆಗಳು ಎತ್ತಿಕೊಂಡು ಹೋಗುತ್ತಿದ್ದವು, ಎದ್ದು ಓಡಿಸಬೇಕು ಅಂತಲೂ ಅನ್ನಿಸಲಿಲ್ಲ.

ಸಂಜೆಗೆ ಮುಂಚೆ ಅಕ್ಕ ಬಂದಳು. ಯಾರೋ ಹೇಳಿದ್ದರು.

"ಒಳಗೆ ಬಂದ್ನಾ?"

"ಇಲ್ಲ. ಉಂಡು ಹೋದ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಒಲೆಯ ಹತ್ತಿರ ಹೋಗಿ, ಉಳಿದ ಮುದ್ದೆಯನ್ನು ಎರಡು ತಟ್ಟೆಗೆ ಹಾಕಿ ತಂದು, ತನ್ನದನ್ನು ನಿಧಾನಕ್ಕೆ ಪೂರ್ತಿ ಉಂಡಳು. ನಾನು ಒಂದು ತುತ್ತು ಮುರಿದೆ, ಬಾಯಿಗೆ ಹೋಗಲಿಲ್ಲ.

"ಇವತ್ತು ಸೇರಲ್ಲ, ಬಿಡು" ಅಂದಳು ಅಕ್ಕ. "ನಾಳೆ ಮಧ್ಯಾಹ್ನ ನಾನೇ ಬಂದು ನಿನ್ನ ಜೊತೆ ಕೂತ್ಕೊಳ್ತೀನಿ."